32ಕ್ಕೇ ರಿಟೈರ್ಮೆಂಟ್: ಸೋಮವಾರಪೇಟೆಯ ಸುನಿಲ್ ಎಲೆಕ್ಟ್ರಾನಿಕ್ ಸಿಟಿಗೆ ಹೇಳೋದೇನು?

ವೀಕ್ಷಕರೇ, ಇವತ್ತು ನಾಲ್ಕು ಅಂಕಿಗಳನ್ನ ನೆನಪಿಟ್ಟುಕೊಳ್ಳಿ. 14, 264, 72, 32.

14 ವರ್ಷ ಭಾರತ ತಂಡದಲ್ಲಿ ಆಟ. 264 ಅಂತಾರಾಷ್ಟ್ರೀಯ ಪಂದ್ಯ. 72 ಗೋಲು. ಸಾಕು ಅಂತ ಹೇಳಿದಾಗ ವಯಸ್ಸು 32. ಇದು ಕ್ರಿಕೆಟಿಗನ ಲೆಕ್ಕ ಆಗಿದ್ದಿದ್ರೆ ಈ ಹೊತ್ತಿಗೆ ನಿಮ್ಮಲ್ಲಿ ಅರ್ಧ ಜನ ಹೆಸರು ಹೇಳಿಬಿಡ್ತಿದ್ರಿ. ಇದು ಹಾಕಿ. ಆಟಗಾರನ ಹೆಸರು ಸೋಮವಾರಪೇಟೆ ವಿಠಲಾಚಾರ್ಯ ಸುನಿಲ್. ಪೇಪರ್‌ನಲ್ಲಿ ಎಸ್.ವಿ. ಸುನಿಲ್ ಅಂತ ಬರ್ತಿತ್ತು. 2021ರ ಅಕ್ಟೋಬರ್ 1ರಂದು ಅವರು ಅಂತಾರಾಷ್ಟ್ರೀಯ ಹಾಕಿಗೆ ವಿದಾಯ ಹೇಳಿದರು. ಅದೇ ಹೊತ್ತಿಗೆ ರೂಪಿಂದರ್ ಪಾಲ್ ಸಿಂಗ್ ಮತ್ತು ಬೀರೇಂದ್ರ ಲಾಕ್ರಾ ಕೂಡ ನಿವೃತ್ತಿ ಘೋಷಿಸಿದ್ದರು. ಇಂಥ ಸುದ್ದಿಗೆ ನಮ್ಮ ಟೀವಿಗಳಲ್ಲಿ ಎಷ್ಟು ಜಾಗ ಸಿಗುತ್ತೆ ಅನ್ನೋದು ನಿಮಗೇ ಗೊತ್ತು. ಪರದೆಯ ಕೆಳಗಡೆ ಓಡುತ್ತೆ, ಹೋಗುತ್ತೆ.

ಈಗ ಯಾಕೆ ಈ ವಿಷಯ? ಎಲೆಕ್ಟ್ರಾನಿಕ್ ಸಿಟಿಯ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. ಗಂಡ ಹೆಂಡತಿ ಇಬ್ಬರೂ ಐಟಿ. ಮಗ ಎಂಟನೇ ಕ್ಲಾಸು, ಹಾಕಿ ಹುಚ್ಚು. "ಸರ್, 32ಕ್ಕೆ ಮುಗಿದುಹೋಗೋ ಕೆಲಸಕ್ಕೆ ಮಗನನ್ನ ಹೇಗೆ ಕಳಿಸೋದು?" ಅನ್ನೋದು ಅವರ ಪ್ರಶ್ನೆ. ಸುಮ್ಮನೆ ತಳ್ಳಿಹಾಕೋ ಪ್ರಶ್ನೆ ಅಲ್ಲ ಇದು. ಬಹಳ ಅಪ್ಪ ಅಮ್ಮಂದಿರ ಮನಸ್ಸಲ್ಲಿ ಇರೋದೇ. ಹಾಗಾಗಿ ಒಬ್ಬ ಆಟಗಾರನ ಇಡೀ ವೃತ್ತಿಯನ್ನ, ಮೊದಲ ದಿನದಿಂದ ಕೊನೆಯ ದಿನದವರೆಗೆ ಬಿಚ್ಚಿಟ್ಟು ನೋಡೋಣ. ಉತ್ತರ ಅಲ್ಲೇ ಇದೆ.

ಬಿದಿರಿನ ಕೋಲು, ಬಡಗಿಯ ಮನೆ

ಕೊಡಗು ಅಂದ ಕೂಡಲೇ ನಮಗೆ ಹಾಕಿ ನೆನಪಾಗುತ್ತೆ. ಸರಿಯೇ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಕೊಡವ ಕುಟುಂಬಗಳನ್ನ ಸೇರಿಸಿ ಶುರು ಮಾಡಿದ ಕೌಟುಂಬಿಕ ಹಾಕಿ ಹಬ್ಬ ಇವತ್ತು 300 ಕುಟುಂಬಗಳನ್ನ ದಾಟಿದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದ ಎಂ.ಪಿ. ಗಣೇಶ್, 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ, ಆಮೇಲೆ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್... ಪಟ್ಟಿ ದೊಡ್ಡದು.

ಆದರೆ ಸುನಿಲ್ ಬಂದಿದ್ದು ಕಾಫಿ ತೋಟದ ಮನೆಯಿಂದಲ್ಲ. 1989ರ ಮೇ 6ರಂದು ಸೋಮವಾರಪೇಟೆಯಲ್ಲಿ ಹುಟ್ಟಿದ ಈ ಹುಡುಗನ ತಂದೆ ಬಡಗಿ. ನಾಲ್ಕು ವರ್ಷದವನಿದ್ದಾಗ ತಾಯಿ ತೀರಿಕೊಂಡರು. ಹಾಕಿ ಸ್ಟಿಕ್ ಕೊಳ್ಳೋಕೆ ದುಡ್ಡಿಲ್ಲದೆ ಬಿದಿರಿನ ಕೋಲು ಹಿಡಿದು ಆಡಿ ಬೆಳೆದವನು. ಅದೇ ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಆಗಲೇ ಭಾರತ ತಂಡದಲ್ಲಿದ್ದರು, 2004ರ ಅಥೆನ್ಸ್ ಒಲಿಂಪಿಕ್ಸ್ ಆಡಿದ್ದರು. ಒಂದು ಸಣ್ಣ ಊರಲ್ಲಿ ಇದು ಎಷ್ಟು ದೊಡ್ಡ ವಿಷಯ ಅಂತ ಬೆಂಗಳೂರಲ್ಲಿ ಕೂತವರಿಗೆ ಗೊತ್ತಾಗಲ್ಲ. "ನಮ್ಮೂರವನು ಹೋಗಿದ್ದಾನೆ, ನಾನೂ ಹೋಗಬಹುದು." ಇಷ್ಟು ಸಾಕು. ಎಲೆಕ್ಟ್ರಾನಿಕ್ ಸಿಟಿಗೆ ಬಂದ ಎಷ್ಟೋ ಹುಡುಗರೂ ಹೀಗೇ ಬಂದವರಲ್ವಾ? ಊರಿನ ಒಬ್ಬ ಅಣ್ಣ ಮೊದಲು ಕೆಲಸಕ್ಕೆ ಸೇರಿದ, ಅವನ ರೂಮಿಗೆ ಇನ್ನಿಬ್ಬರು ಬಂದರು. ಆಟದಲ್ಲೂ ಅದೇ ಲೆಕ್ಕ.

2007ರಲ್ಲಿ ಚೆನ್ನೈನಲ್ಲಿ ಏಷ್ಯಾ ಕಪ್. ಸುನಿಲ್ ಭಾರತ ತಂಡಕ್ಕೆ ಬಂದಿದ್ದು ಆಗ. ವಯಸ್ಸು 18. ಫೈನಲ್‌ನಲ್ಲಿ ಭಾರತ ದಕ್ಷಿಣ ಕೊರಿಯಾವನ್ನ 7-2ರಿಂದ ಸೋಲಿಸಿತು. ಇದಕ್ಕಿಂತ ಒಳ್ಳೇ ಶುರು ಬೇಕಾ? ಆದರೆ ಆರೇ ತಿಂಗಳು. 2008ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ನಡೆದ ಅರ್ಹತಾ ಫೈನಲ್‌ನಲ್ಲಿ ಭಾರತ ಬ್ರಿಟನ್ ಎದುರು 0-2ರಿಂದ ಸೋತು ಬೀಜಿಂಗ್ ಒಲಿಂಪಿಕ್ಸ್‌ನಿಂದಲೇ ಹೊರಗೆ ಬಿತ್ತು. 80 ವರ್ಷದಲ್ಲಿ ಮೊದಲ ಸಲ ಭಾರತದ ಹಾಕಿ ತಂಡ ಇಲ್ಲದ ಒಲಿಂಪಿಕ್ಸ್. ಸುನಿಲ್ ಕೆಲಸಕ್ಕೆ ಸೇರಿದ್ದು ಕಂಪನಿ ಮುಳುಗೋ ಹೊತ್ತಿಗೆ, ಹಾಗೆ ಅಂದ್ಕೊಳ್ಳಿ.

2009ರ ಏಪ್ರಿಲ್‌ನಲ್ಲಿ ಮಲೇಷ್ಯಾದ ಇಪೋದಲ್ಲಿ ಅಜ್ಲಾನ್ ಶಾ ಕಪ್. ಟೂರ್ನಿ ನಡೀತಿರುವಾಗ ಊರಿಂದ ಸುದ್ದಿ ಬಂತು. ತಂದೆ ಇನ್ನಿಲ್ಲ. ಸುನಿಲ್‌ಗೆ ಇನ್ನೂ 20 ತುಂಬಿರಲಿಲ್ಲ. ಅಂತ್ಯಕ್ರಿಯೆಗೆ ಬರಲಿಲ್ಲ, ತಂಡದ ಜೊತೆ ಉಳಿದರು. ಭಾರತ ಆತಿಥೇಯ ಮಲೇಷ್ಯಾವನ್ನ 3-1ರಿಂದ ಸೋಲಿಸಿ ಕಪ್ ಗೆದ್ದಿತು. ಆಮೇಲೆ ಊರಿಗೆ ಬಂದರು.

ಇಂಥ ಜಾಗದಲ್ಲಿ ನಾವು ಟೀವಿಯವರು ಹಿನ್ನೆಲೆ ಸಂಗೀತ ಹಾಕಿ 'ತ್ಯಾಗ' ಅಂತ ದೊಡ್ಡಕ್ಷರದಲ್ಲಿ ಬರೀತೀವಿ. ಇವತ್ತು ಬೇಡ. ತಾಯಿ ಇಲ್ಲದ ಹುಡುಗ, ಈಗ ತಂದೆಯೂ ಇಲ್ಲ. ಮಲೇಷ್ಯಾದ ಹೋಟೆಲ್ ರೂಮಲ್ಲಿ ಕೂತು, ಇದ್ದು ಆಡಬೇಕಾ, ಎದ್ದು ಹೋಗಬೇಕಾ ಅಂತ ತೀರ್ಮಾನ ಮಾಡಬೇಕು. ವೃತ್ತಿಪರ ಆಟ ಅನ್ನೋದು ಒಬ್ಬ ಹುಡುಗನಿಂದ ಏನು ಕೇಳುತ್ತೆ ಅನ್ನೋದಕ್ಕೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ.

72 ಗೋಲು ಕಮ್ಮಿನಾ?

ಈಗ ಅಂಕಿಗೆ ಬರೋಣ. ನಾನು ಓದಿದ್ದು ಇಂಜಿನಿಯರಿಂಗ್, ಅಂಕಿ ಕಂಡ್ರೆ ಭಾಗಿಸೋ ಚಟ. 264 ಪಂದ್ಯಕ್ಕೆ 72 ಗೋಲು, ಅಂದರೆ ಹೆಚ್ಚೂಕಡಿಮೆ ಮೂರೂವರೆಯಿಂದ ನಾಲ್ಕು ಪಂದ್ಯಕ್ಕೆ ಒಂದು ಗೋಲು. ಫಾರ್ವರ್ಡ್ ಆಟಗಾರನಿಗೆ ಇದು ಕಮ್ಮಿ ಅಲ್ವಾ ಅಂತ ಕೇಳಬಹುದು.

ಅಲ್ಲ. ಯಾಕೆ ಅಂತ ಹೇಳ್ತೀನಿ.

ಹಾಕಿ ಮೈದಾನದ ಉದ್ದ 91.4 ಮೀಟರ್, ಅಗಲ 55. ಗೋಲಿನ ಮುಂದೆ ಅರ್ಧಚಂದ್ರಾಕಾರದ ಒಂದು ಗೆರೆ ಇರುತ್ತೆ, ಗೋಲಿನಿಂದ 14.63 ಮೀಟರ್ ದೂರದಲ್ಲಿ. ಅದಕ್ಕೆ 'ಡಿ' ಅಂತಾರೆ. ಫುಟ್‌ಬಾಲ್ ತರ ಎಲ್ಲಿಂದ ಬೇಕಾದ್ರೂ ಹೊಡೆದು ಗೋಲು ಮಾಡೋ ಹಾಗಿಲ್ಲ. ಚೆಂಡು ಆ 'ಡಿ' ಒಳಗೆ ಬರಬೇಕು, ದಾಳಿ ಮಾಡೋ ತಂಡದವನ ಸ್ಟಿಕ್ಕಿಗೆ ಒಳಗಡೆ ತಾಗಬೇಕು. ಹಾಗಾಗಿ ಹಾಕಿಯ ಇಡೀ ತಲೆನೋವು ಒಂದೇ: ಚೆಂಡನ್ನ 'ಡಿ' ಒಳಗೆ ಒಯ್ಯೋದು ಹೇಗೆ?

ಸುನಿಲ್ ಕೆಲಸ ಅದೇ. ಮೈದಾನದ ಬಲ ಅಂಚಿನಲ್ಲಿ ಆಡೋನು, ರೈಟ್ ವಿಂಗರ್. ಗೋಲಿನ ಗೆರೆಯಿಂದ ಸುಮಾರು 23 ಮೀಟರಿಗೆ ಇನ್ನೊಂದು ಗೆರೆ ಇದೆ. ಅಲ್ಲಿಂದ ಚೆಂಡು ಹಿಡಿದು ಮೂಲೆ ಕಡೆ ಓಡಿ, ಎದುರಿನವನನ್ನ ದಾಟಿ, ಒಳಕ್ಕೆ ತಿರುಗಬೇಕು. 100 ಮೀಟರನ್ನ 12 ಸೆಕೆಂಡಲ್ಲಿ ಓಡೋನಿಗೆ ಆ 23 ಮೀಟರಿಗೆ ಮೂರು ಸೆಕೆಂಡು ಕೂಡ ಸಿಗಲ್ಲ. ಆ ಮೂರು ಸೆಕೆಂಡಲ್ಲಿ ಸೊಂಟ ಬಗ್ಗಿಸಿ ಓಡ್ತಾನೇ ಇರಬೇಕು, ಚೆಂಡು ಸ್ಟಿಕ್ಕಿಗೆ ಅಂಟಿಕೊಂಡಿರಬೇಕು, ಕಣ್ಣು ಮಾತ್ರ ಮೇಲಿರಬೇಕು. ವೇಗದಲ್ಲಿ ಸುನಿಲ್ ಅವರ ಕಾಲದ ವಿಶ್ವ ಹಾಕಿಯಲ್ಲೇ ಹೆಸರು ಮಾಡಿದವರು.

ಹೀಗೆ ಒಳಗೆ ನುಗ್ಗಿದಾಗ ಮೂರರಲ್ಲಿ ಒಂದು ಆಗುತ್ತೆ. ಅವರೇ ಗೋಲು ಹೊಡೀತಾರೆ. ಇಲ್ಲಾ, ಚೆಂಡನ್ನ ಅಡ್ಡ ತಳ್ಳಿ ಇನ್ನೊಬ್ಬ ಗೋಲು ಹೊಡೀತಾನೆ. ಇಲ್ಲಾ, ಎದುರಿನವನು ಗಾಬರಿಯಲ್ಲಿ ತಪ್ಪು ಮಾಡ್ತಾನೆ, ಪೆನಾಲ್ಟಿ ಕಾರ್ನರ್ ಸಿಗುತ್ತೆ. ಪೆನಾಲ್ಟಿ ಕಾರ್ನರ್ ಅಂದರೆ ಗೋಲಿನ ಕಂಬದಿಂದ 10 ಮೀಟರ್ ಆಚೆ ಗೆರೆ ಮೇಲಿಂದ ಒಬ್ಬ ಚೆಂಡು ತಳ್ಳೋದು, 'ಡಿ' ಅಂಚಲ್ಲಿ ಇನ್ನೊಬ್ಬ ಅದನ್ನ ನಿಲ್ಲಿಸೋದು, ಮೂರನೆಯವನು ಡ್ರ್ಯಾಗ್ ಫ್ಲಿಕ್ ಮಾಡಿ ಗೋಲಿಗೆ ಎಸೆಯೋದು. ಎದುರಿಗೆ ತಡೆಯೋಕೆ ಗೋಲ್‌ಕೀಪರ್ ಸೇರಿ ಐದೇ ಜನ. ಸ್ಕೋರ್ ಬೋರ್ಡಲ್ಲಿ ಯಾರ ಹೆಸರು ಬರುತ್ತೆ? ಫ್ಲಿಕ್ ಹೊಡೆದವನದು. ಕಾರ್ನರ್ ಗಳಿಸಿಕೊಟ್ಟವನ ಹೆಸರು ಎಲ್ಲೂ ಬರಲ್ಲ.

ಎಲೆಕ್ಟ್ರಾನಿಕ್ ಸಿಟಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ರಾತ್ರಿ ಎರಡು ಗಂಟೆಗೆ ಕೂತು ಕೋಡ್ ಸರಿಮಾಡಿದವನು ಒಬ್ಬ, ಬೆಳಗ್ಗೆ ಕ್ಲೈಂಟ್ ಮುಂದೆ ಡೆಮೊ ಕೊಟ್ಟವನು ಇನ್ನೊಬ್ಬ. ಅಪ್ರೈಸಲ್‌ನಲ್ಲಿ ಯಾರ ಹೆಸರಿತ್ತು? ಹಾಗಾಗಿ 72 ಅನ್ನೋ ಅಂಕಿ ಸುಳ್ಳಲ್ಲ, ಆದರೆ ಪೂರ್ತಿ ಸತ್ಯವೂ ಅಲ್ಲ.

ಇನ್ನೊಂದು ವಿಷಯ. ಸುನಿಲ್ ಆಡಿದ ಕಾಲದಲ್ಲೇ ಆಟದ ನಿಯಮ ಬದಲಾಯಿತು. ಶುರು ಮಾಡಿದಾಗ 35 ನಿಮಿಷದ ಎರಡು ಅವಧಿ. 2014ರ ಹೊತ್ತಿಗೆ 15 ನಿಮಿಷದ ನಾಲ್ಕು ಕ್ವಾರ್ಟರ್ ಬಂತು. ಕೃತಕ ಹುಲ್ಲಿನ ಮೇಲೆ ಆಟ ಮೊದಲೇ ವೇಗ ಆಗಿತ್ತು, ಈಗ ಇನ್ನೂ ವೇಗ. ಫಾರ್ವರ್ಡ್‌ಗಳು ಕೆಲವೇ ನಿಮಿಷ ಪೂರ್ತಿ ಶಕ್ತಿ ಹಾಕಿ ಓಡೋದು, ಹೊರಗೆ ಬಂದು ಉಸಿರು ತೆಗೆದುಕೊಳ್ಳೋದು, ಮತ್ತೆ ಒಳಗೆ ಹೋಗೋದು. ಈ ಪದ್ಧತಿಯನ್ನ ಐಸ್ ಹಾಕಿಯಲ್ಲಿ ಇನ್ನೂ ಜೋರಾಗಿ ನೋಡಬಹುದು, ಅಲ್ಲಿ ಒಂದೊಂದು ಸರದಿ ಒಂದು ನಿಮಿಷಕ್ಕೂ ಕಮ್ಮಿ. ನಡುವಲ್ಲೇ ಇಡೀ ಟೆಕ್ನಾಲಜಿ ಬದಲಾದರೆ ಒಬ್ಬ ಉದ್ಯೋಗಿ ಹೊಸದನ್ನ ಕಲಿಯಬೇಕಲ್ಲ? ಸುನಿಲ್ ಕಲಿತರು. ಅದಕ್ಕೇ 14 ವರ್ಷ ಉಳಿದರು.

ಪಾತಾಳ ನೋಡಿದ್ದು, ಮೇಲೆ ಬಂದಿದ್ದು

2012, ಲಂಡನ್ ಒಲಿಂಪಿಕ್ಸ್. ಸುನಿಲ್‌ಗೆ ಮೊದಲ ಒಲಿಂಪಿಕ್ಸ್. ಭಾರತ ಆಡಿದ ಎಲ್ಲಾ ಪಂದ್ಯ ಸೋತಿತು. 12 ತಂಡಗಳಲ್ಲಿ 12ನೇ ಸ್ಥಾನ. ಎಂಟು ಒಲಿಂಪಿಕ್ ಚಿನ್ನ ಗೆದ್ದ ದೇಶ ಕೊನೇ ಸ್ಥಾನದಲ್ಲಿ. ಆ ತಂಡದಲ್ಲಿ ರಘುನಾಥ್, ಎಸ್.ಕೆ. ಉತ್ತಪ್ಪ ಕೂಡ ಇದ್ದರು. ಕೊಡಗಿನ ಹುಡುಗರ ಪಾಲಿಗೆ ಅದು ಬಹಳ ಕೆಟ್ಟ ಬೇಸಿಗೆ.

ಎರಡೇ ವರ್ಷ. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ. ಅದೇ ವರ್ಷ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್. ಎದುರಾಳಿ ಪಾಕಿಸ್ತಾನ. 1-1 ಸಮ, ಶೂಟೌಟ್‌ನಲ್ಲಿ 4-2ರಿಂದ ಭಾರತಕ್ಕೆ ಚಿನ್ನ. 1998ರ ನಂತರ ಏಷ್ಯನ್ ಗೇಮ್ಸ್ ಚಿನ್ನ ಬಂದಿದ್ದು ಆಗ. ಜೊತೆಗೆ ರಿಯೊ ಒಲಿಂಪಿಕ್ಸ್‌ಗೆ ನೇರ ಟಿಕೆಟ್.

2016ರಲ್ಲಿ ಲಂಡನ್‌ನಲ್ಲಿ ಚಾಂಪಿಯನ್ಸ್ ಟ್ರೋಫಿ. ಅದುವರೆಗೆ ಆ ಟೂರ್ನಿಯಲ್ಲಿ ಭಾರತ ಫೈನಲ್ ಮುಖವನ್ನೇ ನೋಡಿರಲಿಲ್ಲ, 1982ರ ಕಂಚೇ ದೊಡ್ಡ ಸಾಧನೆ. ಈ ಸಲ ಫೈನಲ್ ತಲುಪಿ, ಆಸ್ಟ್ರೇಲಿಯಾ ಎದುರು ಶೂಟೌಟ್‌ನಲ್ಲಿ ಸೋತು ಬೆಳ್ಳಿ. ಅದೇ ವರ್ಷ ರಿಯೊದಲ್ಲಿ ಕ್ವಾರ್ಟರ್ ಫೈನಲ್, ಬೆಲ್ಜಿಯಂ ಎದುರು 1-3. ಒಟ್ಟಾರೆ ಎಂಟನೇ ಸ್ಥಾನ. 12ರಿಂದ 8. ಪದಕ ಇಲ್ಲ, ಆದರೆ ದಾರಿ ಮೇಲ್ಮುಖ.

2016ರ ಆಟಕ್ಕೆ ಏಷ್ಯನ್ ಹಾಕಿ ಫೆಡರೇಷನ್ ಸುನಿಲ್ ಅವರನ್ನ ವರ್ಷದ ಆಟಗಾರ ಅಂತ ಆರಿಸಿತು. 2017ರಲ್ಲಿ ಅರ್ಜುನ ಪ್ರಶಸ್ತಿ. ಅದೇ ವರ್ಷ ಢಾಕಾದಲ್ಲಿ ಮಲೇಷ್ಯಾವನ್ನ 2-1ರಿಂದ ಸೋಲಿಸಿ ಏಷ್ಯಾ ಕಪ್. 2018ರಲ್ಲಿ ಬ್ರೆಡಾದಲ್ಲಿ ಮತ್ತೆ ಚಾಂಪಿಯನ್ಸ್ ಟ್ರೋಫಿ ಬೆಳ್ಳಿ, ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕಂಚು. ಬಡಗಿಯ ಮಗ, ಬಿದಿರಿನ ಕೋಲು, ಈಗ ಏಷ್ಯಾದ ವರ್ಷದ ಆಟಗಾರ. ಸಿನಿಮಾ ಆಗಿದ್ದರೆ ಇಲ್ಲಿಗೆ 'ಶುಭಂ' ಬೀಳ್ತಿತ್ತು. ಬದುಕಲ್ಲಿ ಹಾಗೆ ಬೀಳಲ್ಲ.

ಒಂದು ಮೊಣಕಾಲು, ಒಂದು ವರ್ಷ

2018ರ ಕೊನೆಗೆ ಭುವನೇಶ್ವರದಲ್ಲಿ ವಿಶ್ವಕಪ್. ನಮ್ಮ ನೆಲದಲ್ಲಿ, ನಮ್ಮ ಜನರ ಮುಂದೆ. ಅದಕ್ಕೆ ಸ್ವಲ್ಪ ಮುಂಚೆ ಸುನಿಲ್ ಮೊಣಕಾಲಿಗೆ ಗಾಯ. ವಿಶ್ವಕಪ್ ಇಲ್ಲ.

ವಿಂಗರ್‌ಗೆ ಮೊಣಕಾಲು ಅಂದರೆ ಏನು? ನೇರ ಓಡುವಾಗ ಮೊಣಕಾಲಿಗೆ ಅಷ್ಟು ಕಷ್ಟ ಇಲ್ಲ. ಪೂರ್ತಿ ವೇಗದಲ್ಲಿ ಓಡ್ತಾ ಒಮ್ಮೆಲೇ ನಿಂತು ಒಳಕ್ಕೆ ತಿರುಗ್ತಾರಲ್ಲ, ಆಗ ಪಾದ ನೆಲ ಕಚ್ಚಿರುತ್ತೆ, ಮೈ ತಿರುಗುತ್ತೆ, ನಡುವೆ ಸಿಕ್ಕಿಹಾಕಿಕೊಳ್ಳೋದು ಮೊಣಕಾಲು. ಸುನಿಲ್ ಆಟ ಇಡೀ ನಿಂತಿದ್ದೇ ಆ ತಿರುವಿನ ಮೇಲೆ. ಡಿಫೆಂಡರ್‌ಗಾದರೆ ಅನುಭವದಿಂದ ವೇಗದ ಕೊರತೆ ತುಂಬಿಸಿಕೊಳ್ಳಬಹುದು. ವಿಂಗರ್‌ಗೆ ವೇಗವೇ ಬಂಡವಾಳ.

ಆದರೂ ವಾಪಸ್ ಬಂದರು. 2019ರ ನವೆಂಬರ್‌ನಲ್ಲಿ ಭುವನೇಶ್ವರದಲ್ಲಿ ಟೋಕಿಯೊ ಒಲಿಂಪಿಕ್ಸ್ ಅರ್ಹತಾ ಪಂದ್ಯ, ರಷ್ಯಾ ಎದುರು. ಭಾರತ 4-2, 11-1ರಿಂದ ಗೆದ್ದಿತು. ಆ ತಂಡದಲ್ಲಿ ಸುನಿಲ್ ಇದ್ದರು. ಟೋಕಿಯೊ ಟಿಕೆಟ್ ತಂದವರಲ್ಲಿ ಅವರೂ ಒಬ್ಬರು.

ಆಮೇಲೆ ಕೋವಿಡ್. ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋಯಿತು. ನಮಗೆಲ್ಲ ಅದೊಂದು ಸುದ್ದಿ ಅಷ್ಟೇ. 31ರ ಹೊಸ್ತಿಲಲ್ಲಿ ನಿಂತಿರೋ, ಗಾಯದಿಂದ ಎದ್ದು ಬಂದಿರೋ ವಿಂಗರ್‌ಗೆ ಒಂದು ವರ್ಷ ಅಂದರೆ ಬಹಳ. 2021ರಲ್ಲಿ ಟೋಕಿಯೊ ತಂಡ ಪ್ರಕಟವಾದಾಗ ಸುನಿಲ್ ಹೆಸರಿರಲಿಲ್ಲ. ಆಗಸ್ಟ್ 5ರಂದು ಭಾರತ ಜರ್ಮನಿಯನ್ನ 5-4ರಿಂದ ಸೋಲಿಸಿ ಕಂಚು ಗೆದ್ದಿತು. 41 ವರ್ಷದ ನಂತರ ಒಲಿಂಪಿಕ್ ಹಾಕಿ ಪದಕ. ಇಡೀ ದೇಶ ಕುಣಿಯಿತು. ಎರಡು ತಿಂಗಳ ಒಳಗೆ ಸುನಿಲ್ ನಿವೃತ್ತಿ.

ಇದು ಅನ್ಯಾಯ ಅಂತ ನಾನು ಹೇಳಲ್ಲ. ತಂಡದಲ್ಲಿ ಇರೋದು 16 ಜಾಗ, ಆಯ್ಕೆ ಮಾಡೋರಿಗೆ ಆವತ್ತು ಯಾರು ಚೆನ್ನಾಗಿ ಆಡ್ತಾರೆ ಅನ್ನೋದೇ ಮುಖ್ಯ. ಪದಕ ಕೂಡ ಬಂತು. ಹೇಳೋದು ಇಷ್ಟೇ: 12ನೇ ಸ್ಥಾನದಿಂದ ತಂಡವನ್ನ ಮೇಲಕ್ಕೆ ಹೊತ್ತವರಿಗೆಲ್ಲ ಪದಕದ ಫೋಟೋದಲ್ಲಿ ಜಾಗ ಸಿಗಲ್ಲ. ಆಟದ ವೃತ್ತಿಗೆ ಬರೋರು ಇದನ್ನ ಮೊದಲೇ ತಿಳಿದಿರಬೇಕು.

ದುಡ್ಡಿನ ವಿಷಯ

ಈಗ ಅಪ್ಪ ಅಮ್ಮಂದಿರ ನಿಜವಾದ ಪ್ರಶ್ನೆ. ಸಂಬಳ ಯಾರು ಕೊಡ್ತಾರೆ?

ನಮ್ಮ ದೇಶದಲ್ಲಿ ಹಾಕಿ ಆಟಗಾರನ ಹೊಟ್ಟೆ ತುಂಬಿಸಿದ್ದು ಮುಖ್ಯವಾಗಿ ಉದ್ಯೋಗ. ರೈಲ್ವೆ, ಸೇನೆ, ಪೊಲೀಸ್, ತೈಲ ಕಂಪನಿಗಳು, ಬ್ಯಾಂಕ್‌ಗಳು ಆಟಗಾರರನ್ನ ಕೆಲಸಕ್ಕೆ ತೆಗೆದುಕೊಳ್ತವೆ. ಆಡೋವರೆಗೆ ಅವರ ತಂಡಕ್ಕೆ ಆಡಬೇಕು, ಆಟ ಮುಗಿದ ಮೇಲೆ ಟೇಬಲ್ ಕೆಲಸ. ನಮ್ಮಲ್ಲಿ ಎಷ್ಟೋ ಜನ ಇದನ್ನ 'ಸ್ಪೋರ್ಟ್ಸ್ ಕೋಟಾ' ಅಂತ ಸ್ವಲ್ಪ ಹಗುರವಾಗಿ ಹೇಳ್ತಾರೆ. ಆದರೆ ಈ ವ್ಯವಸ್ಥೆ ಇಲ್ಲದಿದ್ದರೆ ಭಾರತದ ಹಾಕಿ ಎಂದೋ ಮುಚ್ಚಿಹೋಗ್ತಿತ್ತು.

ಎರಡನೆಯದು ಲೀಗ್. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಶುರುವಾಯಿತು. ಹರಾಜು, ಫ್ರಾಂಚೈಸಿ, ವಿದೇಶಿ ಆಟಗಾರರು, ಎಲ್ಲಾ ಐಪಿಎಲ್ ತರ. ಸುನಿಲ್ ಪಂಜಾಬ್ ವಾರಿಯರ್ಸ್ ಪರ ಆಡಿದರು. ಆದರೆ ಐದೇ ಸೀಸನ್. 2017ರ ನಂತರ ಲೀಗ್ ನಿಂತುಹೋಯಿತು. ಮತ್ತೆ ಶುರುವಾಗಿದ್ದು 2024ರ ಡಿಸೆಂಬರ್ ಕೊನೆಗೆ. ಲೆಕ್ಕ ಹಾಕಿ. ಲೀಗ್ ನಿಂತಾಗ ಸುನಿಲ್‌ಗೆ 28. ಮತ್ತೆ ಬಂದಾಗ 35. ಒಬ್ಬ ಆಟಗಾರ ನಾಲ್ಕು ಕಾಸು ಉಳಿಸಿಕೊಳ್ಳಬೇಕಾದ ವಯಸ್ಸೆಲ್ಲ ಆ ಖಾಲಿ ಜಾಗದಲ್ಲೇ ಹೋಯಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪ್ರಾಜೆಕ್ಟ್ ಇಲ್ಲದೆ ಮೂರು ತಿಂಗಳು ಬೆಂಚಲ್ಲಿ ಕೂತರೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತೆ. ಇಲ್ಲಿ ಇಡೀ ಲೀಗೇ ಏಳು ವರ್ಷ ಬೆಂಚಲ್ಲಿ ಕೂತಿತ್ತು.

ಮೂರನೆಯದು ಸರ್ಕಾರದ ನೆರವು. ಒಲಿಂಪಿಕ್ಸ್‌ಗೆ ಸಿದ್ಧತೆ ಮಾಡೋರಿಗೆ ಕೇಂದ್ರದ 'ಟಾಪ್ಸ್' ಯೋಜನೆ ಇದೆ, ಆಯ್ಕೆಯಾದವರಿಗೆ ತಿಂಗಳಿಗೆ 50 ಸಾವಿರ ಕೈಖರ್ಚು. ನಿವೃತ್ತಿಯ ಮೇಲೆ ಪಿಂಚಣಿ ಯೋಜನೆಯೂ ಇದೆ, 1994ರಿಂದ. ಒಲಿಂಪಿಕ್ಸ್, ವಿಶ್ವಕಪ್, ಏಷ್ಯನ್, ಕಾಮನ್‌ವೆಲ್ತ್ ಪದಕ ಗೆದ್ದವರು, 30 ದಾಟಿ ಆಟದಿಂದ ನಿವೃತ್ತರಾಗಿದ್ದರೆ ಅರ್ಜಿ ಹಾಕಬಹುದು. 2018ರ ಪರಿಷ್ಕರಣೆಯ ನಂತರ ತಿಂಗಳಿಗೆ 12 ಸಾವಿರದಿಂದ 20 ಸಾವಿರ ರೂಪಾಯಿ. 20 ಸಾವಿರ ಒಲಿಂಪಿಕ್ ಪದಕ ಗೆದ್ದವರಿಗೆ. ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಆದರೆ ಈ ಮೊತ್ತದಲ್ಲಿ ದೊಡ್ಡತೋಗೂರಿನಲ್ಲೊಂದು ಮನೆ ಬಾಡಿಗೆಗೆ ಹಿಡಿದು ಸಂಸಾರ ನಡೆಸಿ ತೋರಿಸಿ ನೋಡೋಣ.

ಇನ್ನು ಪದಕ ಬರದೇ ಇದ್ದವನ ಕತೆ? ಜೂನಿಯರ್ ಕ್ಯಾಂಪ್‌ವರೆಗೆ ಬಂದು 21ಕ್ಕೆ ಗಾಯ ಮಾಡಿಕೊಂಡವನ ಕತೆ? ಅವನಿಗೆ ಪಿಂಚಣಿ ಇಲ್ಲ, ಅರ್ಜುನ ಇಲ್ಲ, ಓದೂ ಅರ್ಧಕ್ಕೆ ನಿಂತಿರುತ್ತೆ. ಸುನಿಲ್ ಒಬ್ಬರು ಗೆದ್ದ ದಾರಿಯಲ್ಲಿ ಎಷ್ಟೋ ಹುಡುಗರು ಅರ್ಧದಲ್ಲೇ ಇಳಿದುಹೋಗಿದ್ದಾರೆ. ಹೆದರಬೇಕಾದ್ದು 32ಕ್ಕೆ ನಿವೃತ್ತಿ ಆಗೋದಕ್ಕಲ್ಲ ವೀಕ್ಷಕರೇ, 21ಕ್ಕೆ ಕೈಖಾಲಿ ಆಗೋದಕ್ಕೆ.

ಮಂಜಿನ ಮೇಲಿನ ಹಾಕಿ ಕಲಿಸೋ ಪಾಠ

ಶ್ರೀಮಂತ ಲೀಗ್ ಇದ್ದರೆ ಎಲ್ಲಾ ಸರಿಹೋಗುತ್ತಾ? ಅದಕ್ಕೆ ಐಸ್ ಹಾಕಿ ಕಡೆ ಒಂದು ಸಲ ನೋಡೋಣ. ನಮ್ಮಲ್ಲಿ ಐಸ್ ಹಾಕಿ ಅಂದರೆ ಲಡಾಖ್, ಅಷ್ಟೇ. ಕೆನಡಾ, ಅಮೆರಿಕದಲ್ಲಿ ಅದು ದೊಡ್ಡ ವ್ಯವಹಾರ. ಅಲ್ಲಿಯ ಎನ್‌ಎಚ್‌ಎಲ್ ಲೀಗ್‌ನ ದೊಡ್ಡ ಹೆಸರು ಗಾರ್ಡಿ ಹೋವ್. 1946ರಲ್ಲಿ ಡೆಟ್ರಾಯಿಟ್ ತಂಡಕ್ಕೆ ಬಂದು 25 ಸೀಸನ್ ಆಡಿದರು. 1971ರಲ್ಲಿ ನಿವೃತ್ತಿ. ಎರಡು ವರ್ಷ ಬಿಟ್ಟು ಬೇರೆ ಲೀಗ್‌ನಲ್ಲಿ ತಮ್ಮ ಇಬ್ಬರು ಗಂಡುಮಕ್ಕಳ ಜೊತೆ ಒಂದೇ ತಂಡದಲ್ಲಿ ಆಡಲು ವಾಪಸ್ ಬಂದರು. ಕೊನೆಯ ಎನ್‌ಎಚ್‌ಎಲ್ ಸೀಸನ್ ಮುಗಿಸಿದ್ದು 1980ರಲ್ಲಿ, ವಯಸ್ಸು 52. ಎನ್‌ಎಚ್‌ಎಲ್‌ನಲ್ಲೇ 801 ಗೋಲು.

ಇಂಥವರು ನಿವೃತ್ತಿಯಾದ ಮೇಲೆ ಆರಾಮಾಗಿದ್ದರು ಅಂದ್ಕೊಂಡ್ರಾ? 1990ರ ದಶಕದ ಶುರುವಿನಲ್ಲಿ ಗಾರ್ಡಿ ಹೋವ್ ಸೇರಿದಂತೆ ಹಳೇ ಆಟಗಾರರು ತಮ್ಮ ಲೀಗ್ ಮೇಲೇ ಕೋರ್ಟಿಗೆ ಹೋದರು. ಮುಂದೆ ನಿಂತವರು ಕಾರ್ಲ್ ಬ್ರೂವರ್ ಅನ್ನೋ ಮಾಜಿ ಡಿಫೆಂಡರ್. ವಿಷಯ ಪಿಂಚಣಿ. ಆಟಗಾರರ ಪಿಂಚಣಿ ನಿಧಿಯಲ್ಲಿ ಲೆಕ್ಕಕ್ಕಿಂತ ಹೆಚ್ಚು ಹಣ ಬೆಳೆದಿತ್ತು. ಆ ಹೆಚ್ಚುವರಿ ಯಾರದು? ನಿಮ್ಮ ಪಿಎಫ್ ಖಾತೆಯಲ್ಲಿ ಹೆಚ್ಚು ಲಾಭ ಬಂತು, ಅದನ್ನ ಕಂಪನಿ ತಾನು ಕಟ್ಟಬೇಕಾದ ಪಾಲಿಗೆ ಹೊಂದಿಸಿಕೊಂಡಿತು ಅಂದ್ಕೊಳ್ಳಿ. ಸುಮ್ಮನಿರ್ತೀರಾ? 1992ರಲ್ಲಿ ಕೋರ್ಟು ಆಟಗಾರರ ಪರ ತೀರ್ಪು ಕೊಟ್ಟಿತು. 1994ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಲೀಗ್‌ನ ಮೇಲ್ಮನವಿ ಕೇಳಲು ಒಪ್ಪಲಿಲ್ಲ. ಕೋಟಿಗಟ್ಟಲೆ ಡಾಲರ್ ಹಳಬರಿಗೆ ವಾಪಸ್ ಬಂತು.

ಇದರಿಂದ ತಿಳಿಯೋದೇನು? ಆಟ ಎಷ್ಟೇ ಶ್ರೀಮಂತ ಆಗಿರಲಿ, ಆಡಿ ಮುಗಿಸಿದವನನ್ನ ತಾನಾಗೇ ನೆನೆಸಿಕೊಳ್ಳಲ್ಲ. ಕಾಗದದಲ್ಲಿ ಬರೆದಿರಬೇಕು, ಬರೆದಿದ್ದನ್ನ ಕೇಳೋಕೆ ಆಟಗಾರರು ಒಟ್ಟಾಗಿರಬೇಕು.

ಹಾಗಾದರೆ ಮಗನಿಗೆ ಏನು ಹೇಳೋದು?

ಎಲೆಕ್ಟ್ರಾನಿಕ್ ಸಿಟಿ ಹುಟ್ಟಿದ್ದೇ ಒಂದು ಪಂದ್ಯದ ತರ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆ 332 ಎಕರೆ ಹಿಡಿದು ಇಲ್ಲಿ ಎಲೆಕ್ಟ್ರಾನಿಕ್ಸ್ ಊರು ಕಟ್ತೀವಿ ಅಂದಾಗ ಎಷ್ಟು ಜನ ನಂಬಿರಬಹುದು? ಇವತ್ತು ಮೇಲ್ಸೇತುವೆ ಇದೆ, ಹಳದಿ ಮೆಟ್ರೊ ಇದೆ, ಜಗತ್ತಿನ ಕಂಪನಿಗಳಿವೆ. ಮೈದಾನ ಮಾತ್ರ ಹುಡುಕಬೇಕು. ಇಲ್ಲಿ 'ಟರ್ಫ್' ಅಂದರೆ ಗಂಟೆ ಲೆಕ್ಕಕ್ಕೆ ಬಾಡಿಗೆಗೆ ಸಿಗೋ, ಬಲೆ ಕಟ್ಟಿದ ಸಣ್ಣ ಅಂಗಳ. ಹಾಕಿಗೆ ಬೇಕಾದ, ನೀರು ಹಾಯಿಸೋ ಪೂರ್ಣ ಅಳತೆಯ ಟರ್ಫ್ ಬೇರೆಯೇ. ಅದು ಬೇಕಂದ್ರೆ ಅಕ್ಕಿತಿಮ್ಮನಹಳ್ಳಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹಾಕಿ ಕ್ರೀಡಾಂಗಣಕ್ಕೆ ಹೋಗಬೇಕು. ಜ್ಞಾನಭಾರತಿ ಹತ್ತಿರದ ಸಾಯ್ ಕೇಂದ್ರ ಇದೆ, ಭಾರತ ತಂಡದ ಕ್ಯಾಂಪ್‌ಗಳು ನಡೆಯೋದು ಅಲ್ಲೇ. ನೈಸ್ ರಸ್ತೆ ಹಿಡಿದರೆ ಎಲೆಕ್ಟ್ರಾನಿಕ್ ಸಿಟಿಯಿಂದ ದೂರ ಏನಿಲ್ಲ. ಟೋಕಿಯೊ ಪದಕದ ತಂಡ ಬೆವರು ಹರಿಸಿದ್ದು ನಿಮ್ಮ ಆಫೀಸಿನಿಂದ ಅಷ್ಟು ಹತ್ತಿರದಲ್ಲಿ.

ಕಂಪನಿಗಳಿಗೂ ಒಂದು ಮಾತು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನ ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿಗೆ ಆ ಹಣ ಬಳಸಬಹುದು ಅಂತ ಅದೇ ಕಾಯ್ದೆಯ ಪಟ್ಟಿಯಲ್ಲಿದೆ. ಒಂದು ಟರ್ಫ್, ಸೋಮವಾರಪೇಟೆಯಂಥ ಊರಿನ ಹತ್ತು ಮಕ್ಕಳಿಗೆ ಸ್ಟಿಕ್ಕು, ಶೂ, ವಿಮೆ. ಅಷ್ಟೇ ಅಲ್ಲ. ರೈಲ್ವೆ, ತೈಲ ಕಂಪನಿಗಳು ಮಾಡೋ ಕೆಲಸವನ್ನ ಐಟಿ ಕಂಪನಿಗಳು ಯಾಕೆ ಮಾಡಬಾರದು? 14 ವರ್ಷ ಒತ್ತಡದಲ್ಲಿ ತಂಡದ ಜೊತೆ ಆಡಿದವನು ನಿಮ್ಮ ಸಂದರ್ಶನದಲ್ಲಿ ಕೇಳೋ 'ಟೀಮ್‌ವರ್ಕ್' ಅನ್ನೋ ಪದವನ್ನ ಬದುಕಿ ತೋರಿಸಿದವನು.

ಇನ್ನು ಪ್ರಶ್ನೆ ಕೇಳಿದ ಅಪ್ಪ ಅಮ್ಮನಿಗೆ. ಮಗನನ್ನ ಆಡೋಕೆ ಕಳಿಸಿ. ಮೂರು ಷರತ್ತಿನ ಮೇಲೆ ಕಳಿಸಿ.

ಒಂದು, ಓದು ನಿಲ್ಲಬಾರದು. ನೂರಕ್ಕೆ ತೊಂಬತ್ತು ಬೇಕಾಗಿಲ್ಲ, ಡಿಗ್ರಿ ಬೇಕು. ಎಂ.ಪಿ. ಗಣೇಶ್ ಅವರನ್ನ ನೋಡಿ, 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕ, ಆಮೇಲೆ ತರಬೇತುದಾರ, ಸಾಯ್‌ನಲ್ಲಿ ದೊಡ್ಡ ಹುದ್ದೆ, ಡಾಕ್ಟರೇಟ್ ಕೂಡ.

ಎರಡು, ಗಾಯಕ್ಕೆ ವಿಮೆ, ಗಾಯಕ್ಕೆ ಸರಿಯಾದ ಚಿಕಿತ್ಸೆ. 'ಸುಧಾರಿಸಿಕೊಂಡು ಆಡು' ಅಂತ ಹೇಳೋ ಕೋಚ್ ಇದ್ದರೆ ಕೋಚ್ ಬದಲಿಸಿ.

ಮೂರು, ಆಡ್ತಾ ಇರುವಾಗಲೇ ಎರಡನೇ ಇನಿಂಗ್ಸ್ ಯೋಚಿಸಬೇಕು. ಅರ್ಜುನ್ ಹಾಲಪ್ಪ ತರಬೇತಿಗೆ ಬಂದರು. ಪಿ.ಆರ್. ಶ್ರೀಜೇಶ್ 2024ರ ಪ್ಯಾರಿಸ್ ಕಂಚಿನ ನಂತರ ನಿವೃತ್ತಿ ಹೇಳಿ, ಜೂನಿಯರ್ ತಂಡದ ಕೋಚ್ ಆದರು. ಕೋಚಿಂಗ್, ಅಂಪೈರಿಂಗ್, ಫಿಸಿಯೊ, ವಿಡಿಯೊ ವಿಶ್ಲೇಷಣೆ, ಬಾಗಿಲು ಇವೆ. ಮೊದಲೇ ಗೊತ್ತಿರಬೇಕು ಅಷ್ಟೇ.

ಕೊನೆಯದಾಗಿ, 32ಕ್ಕೆ ಮುಗಿಯೋ ಕೆಲಸ ಅನ್ನೋ ಭಯಕ್ಕೆ ಬರ್ತೀನಿ. ಎಲೆಕ್ಟ್ರಾನಿಕ್ ಸಿಟಿಯಲ್ಲೇ ಕೇಳಿ ನೋಡಿ, 40 ದಾಟಿದ ಮ್ಯಾನೇಜರ್‌ಗಳಿಗೆ ರಾತ್ರಿ ನಿದ್ದೆ ಬರ್ತಿದೆಯಾ ಅಂತ. ಕಲಿತ ಟೆಕ್ನಾಲಜಿ ಹಳತಾಗ್ತಿದೆ, ಎಐ ಬಂದಿದೆ, ಮೇಲ್‌ನಲ್ಲಿ ಯಾವಾಗ ಏನು ಬರುತ್ತೋ ಗೊತ್ತಿಲ್ಲ. ಒಂದೇ ಕೆಲಸದಲ್ಲಿ 60ರವರೆಗೆ ಕೂರೋ ಕಾಲ ಐಟಿಯಲ್ಲೂ ಮುಗೀತು. ವ್ಯತ್ಯಾಸ ಏನಪ್ಪಾ ಅಂದ್ರೆ, ಆಟಗಾರನಿಗೆ ತನ್ನ ಆಟ ಒಂದು ದಿನ ಮುಗಿಯುತ್ತೆ ಅಂತ ಮೊದಲ ದಿನವೇ ಗೊತ್ತಿರುತ್ತೆ. ನಮಗೆ ಅದನ್ನ ಯಾರೂ ಹೇಳಿರಲ್ಲ.

ಸುನಿಲ್ 18ಕ್ಕೆ ಒಳಗೆ ಬಂದರು, 32ಕ್ಕೆ ಹೊರಗೆ ಹೋದರು. ನಡುವೆ 264 ಸಲ ದೇಶದ ಅಂಗಿ ತೊಟ್ಟರು. ಎಂಟನೇ ಕ್ಲಾಸಿನ ಆ ಹುಡುಗ ಅಷ್ಟು ದೂರ ಹೋಗ್ತಾನೋ ಇಲ್ಲವೋ, ಯಾರು ಹೇಳೋಕೆ ಸಾಧ್ಯ? ಆದರೆ ಅರ್ಧದಲ್ಲಿ ಇಳಿದರೂ ಅವನ ಕೈ ಖಾಲಿ ಇರದ ಹಾಗೆ ನೋಡಿಕೊಳ್ಳೋದು ನಮ್ಮ ಕೈಲಿದೆ. ಅಪ್ಪ ಅಮ್ಮನ ಕೈಲಿದೆ, ಶಾಲೆಯ ಕೈಲಿದೆ, ಕಂಪನಿಗಳ ಕೈಲಿದೆ, ಸರ್ಕಾರದ ಕೈಲಿದೆ.

ನಾಳೆ ಬೆಳಗ್ಗೆ ಅವನಿಗೊಂದು ಒಳ್ಳೇ ಸ್ಟಿಕ್ ಕೊಡಿಸಿ. ಬಿದಿರಿನ ಕೋಲಲ್ಲಿ ಆಡಿದವರು ದೇಶಕ್ಕೆ ಎಷ್ಟು ಕೊಟ್ಟರು ಅಂತ ಗೊತ್ತಾಯಿತಲ್ಲ.